ಮಿರರ್‌ಲೆಸ್ ಕ್ಯಾಮೆರಾ: ಚಿಕ್ಕದು ಸಾಕೋ, ದೊಡ್ಡದೇ ಬೇಕೋ?

ಕ್ಯಾಮೆರಾ ಅಂಗಡಿಗೆ ಹೋದವರು ಮೊದಲು ಕೇಳುವುದು ಮೆಗಾಪಿಕ್ಸೆಲ್ ಎಷ್ಟು ಅಂತ. ಕ್ಯಾನನ್ ಆರ್50 ಶುರುವಿನವರ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, ಅದಕ್ಕೆ 24.2. ಅದಕ್ಕಿಂತ ಎಷ್ಟೋ ದುಬಾರಿಯಾದ ಆರ್6 ಮಾರ್ಕ್ 2ಕ್ಕೂ 24.2. ಹಾಗಾದರೆ ಜಾಸ್ತಿ ದುಡ್ಡು ಹೋಗುವುದೆಲ್ಲಿಗೆ? ಬೆಳಕು ಹಿಡಿದು ಚಿತ್ರ ಮಾಡುವ ದೊಡ್ಡ ಸೆನ್ಸರ್‌ಗೆ, ಕೈ ನಡುಗಿದರೂ ಚಿತ್ರ ಕದಲದಂತೆ ಹಿಡಿಯುವ ಸ್ಟೆಬಿಲೈಸೇಶನ್‌ಗೆ, ಎರಡನೇ ಮೆಮೊರಿ ಕಾರ್ಡಿನ ಜಾಗಕ್ಕೆ, ಧೂಳು ತಡೆಯುವ ಸೀಲಿಂಗ್‌ಗೆ. ಇವೆಲ್ಲ ನಮಗೆ ಬೇಕಾ ಅನ್ನುವುದೇ ಪ್ರಶ್ನೆ.

ಮೊದಲು ಒಂದು ಹಾಳೆ ತೆಗೆದುಕೊಂಡು, ಮುಂದಿನ ಒಂದು ವರ್ಷ ಏನೇನು ಫೋಟೊ ತೆಗೆಯುತ್ತೀರಿ, ಯಾವ ಬೆಳಕಿನಲ್ಲಿ ತೆಗೆಯುತ್ತೀರಿ ಅಂತ ಬರೆಯಿರಿ. ಬೆಳಕು ಬರೆಯುವುದನ್ನು ಮರೆಯಬೇಡಿ, ಅದೇ ಮುಖ್ಯ. ಬೆಳಗ್ಗೆ ರಾಯಚೂರು ಕೋಟೆ, ಸಂಜೆ ಆನೆಗೊಂದಿಯ ಗದ್ದೆ ಬಯಲು, ಮನೆ ಮಕ್ಕಳು, ಹಗಲಿನ ಜಾತ್ರೆ, ಇಷ್ಟೇ ಆದರೆ ಆರ್50 ಅಥವಾ ನಿಕಾನ್ ಝಡ್30 ತರಹದ ಕ್ಯಾಮೆರಾ ಧಾರಾಳವಾಗಿ ಸಾಕು. ನಮ್ಮ ಬಿಸಿಲಲ್ಲಿ ತೆಗೆದ ಫೋಟೊ ನೋಡಿ ಯಾವುದು ಚಿಕ್ಕ ಕ್ಯಾಮೆರಾದ್ದು, ಯಾವುದು ದೊಡ್ಡದರದ್ದು ಅಂತ ಹೇಳುವುದು ಕಷ್ಟ.

ಕತ್ತಲಾದಾಗ ಲೆಕ್ಕ ಬದಲಾಗುತ್ತದೆ. ದೊಡ್ಡ ಕ್ಯಾಮೆರಾಗಳ ಫುಲ್‌ಫ್ರೇಮ್ ಸೆನ್ಸರ್ ಅಂದರೆ 36×24 ಮಿಲಿಮೀಟರ್. ಚಿಕ್ಕ ಕ್ಯಾಮೆರಾಗಳ ಎಪಿಎಸ್-ಸಿ ಸೆನ್ಸರ್‌ಗಿಂತ ವಿಸ್ತೀರ್ಣದಲ್ಲಿ ಎರಡು ಪಟ್ಟಿಗೂ ಜಾಸ್ತಿ, ಅಷ್ಟು ಬೆಳಕು ಹೆಚ್ಚು ಸಿಗುತ್ತದೆ. ಆದರೆ ಲೆನ್ಸ್ ನೋಡಿ. ಆರ್50 ಜೊತೆ ಬರುವ 18-45 ಕಿಟ್ ಲೆನ್ಸ್ 45 ಎಂಎಂನಲ್ಲಿ, ಅಂದರೆ ಪೂರ್ತಿ ಝೂಮ್ ಮಾಡಿದಾಗ, ಎಫ್/6.3ರವರೆಗೆ ಮಾತ್ರ ತೆರೆಯುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ). ಅದನ್ನು ಬಿಚ್ಚಿ 50 ಎಂಎಂ ಎಫ್/1.8 ಹಾಕಿದರೆ ಸೆನ್ಸರ್ ಮೇಲೆ ಸುಮಾರು ಹನ್ನೆರಡು ಪಟ್ಟು ಬೆಳಕು ಬೀಳುತ್ತದೆ! ದುಬಾರಿ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಟ್ಟ ಲಾಭ ಎರಡು ಪಟ್ಟು, ಕಡಿಮೆ ದುಡ್ಡಿನ ಲೆನ್ಸ್ ಕೊಟ್ಟ ಲಾಭ ಹನ್ನೆರಡು ಪಟ್ಟು. ದುಡ್ಡೆಲ್ಲ ಬಾಡಿಗೆ ಸುರಿದು ಲೆನ್ಸಿಗೆ ಕೈ ಬಿಗಿ ಹಿಡಿಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇನ್ನು ಗುಡಿಯ ಒಳಗೆ. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವನ್ನೇ ತೆಗೆದುಕೊಳ್ಳಿ, 1112ರಲ್ಲಿ ಕಟ್ಟಿಸಿದ್ದು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಹೋದರೆ ಕಂಬದ ಕೆತ್ತನೆಯೂ ಸರಿಯಾಗಿ ಕಾಣದ ಕತ್ತಲು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು. ಇಲ್ಲಿ ಬಾಡಿಯೊಳಗಿನ ಸ್ಟೆಬಿಲೈಸೇಶನ್ ನಿಜವಾಗಿ ಕೆಲಸಕ್ಕೆ ಬರುತ್ತದೆ, ಯಾಕಂದರೆ ಕಲ್ಲು ಅಲ್ಲಾಡುವುದಿಲ್ಲ, ನಿಧಾನವಾದ ಶಟರ್‌ನಲ್ಲಿ, ಅಂದರೆ ಬೆಳಕಿನ ಬಾಗಿಲು ಹೆಚ್ಚು ಹೊತ್ತು ತೆರೆದಿಟ್ಟು, ಕೈಯಲ್ಲೇ ಹಿಡಿದು ತೆಗೆಯಬಹುದು. ಆರ್50 ಬಾಡಿಯಲ್ಲಿ ಇದು ಇಲ್ಲ. ಅದರ ಕಿಟ್ ಲೆನ್ಸ್‌ನಲ್ಲಿ ಇದೆ, 50 ಎಂಎಂನಲ್ಲಿ ಇಲ್ಲ. ಆದರೆ ಕುಣಿಯುವ ಮಗುವಿಗೋ ಓಡಾಡುವ ಮದುಮಗಳಿಗೋ ಸ್ಟೆಬಿಲೈಸೇಶನ್ ಏನೂ ಮಾಡಲಾರದು, ಅಲ್ಲಿ ಶಟರ್ ವೇಗವೇ ಬೇಕು. ಹಾಗಾಗಿ ನೀವು ಗುಡಿ ತೆಗೆಯುವವರೋ ಮನುಷ್ಯರನ್ನು ತೆಗೆಯುವವರೋ ಅನ್ನುವುದರ ಮೇಲೆ ಇದಕ್ಕೆ ದುಡ್ಡು ಕೊಡಿ.

ಮದುವೆ ಫೋಟೊಗ್ರಫಿಗೆ ಇಳಿಯುವವರಿಗೆ ಮಾತ್ರ ನಾನು ಖಡಾಖಂಡಿತ ಹೇಳುತ್ತೇನೆ: ಎರಡು ಕಾರ್ಡಿನ ಜಾಗ ಇಲ್ಲದ ಕ್ಯಾಮೆರಾ ಹಿಡಿದು ದುಡ್ಡು ತೆಗೆದುಕೊಂಡು ಮದುವೆಗೆ ಹೋಗಬೇಡಿ. ಅಕ್ಕಿಕಾಳು ಬೀಳುವ ಹೊತ್ತಿನ ಫೋಟೊಗಳಿದ್ದ ಕಾರ್ಡ್ ಕೆಟ್ಟುಹೋದರೆ ಆ ಮನೆಯವರಿಗೆ ಏನು ಹೇಳುತ್ತೀರಿ? ಎರಡು ಕಾರ್ಡಿದ್ದರೆ ಪ್ರತಿ ಫೋಟೊ ಎರಡರಲ್ಲೂ ಉಳಿಯುತ್ತದೆ. ಇದಕ್ಕಾಗಿ ಅತಿ ದುಬಾರಿಯದ್ದೇ ಬೇಕೆಂದಿಲ್ಲ. 2020ರಲ್ಲಿ ಬಂದ ನಿಕಾನ್ ಝಡ್5 ಫುಲ್‌ಫ್ರೇಮ್, ಎರಡು ಕಾರ್ಡ್, ಬಾಡಿಯಲ್ಲೇ ಸ್ಟೆಬಿಲೈಸೇಶನ್. 2022ರ ಕ್ಯಾನನ್ ಆರ್7 ಎಪಿಎಸ್-ಸಿ ಆದರೂ ಇವೆರಡೂ ಅದರಲ್ಲಿವೆ.

ದರೋಜಿ ಕರಡಿಧಾಮಕ್ಕೆ ಹೋಗುವ ಆಸೆ ಇದ್ದವರಿಗೆ ಚಿಕ್ಕ ಸೆನ್ಸರೇ ಅನುಕೂಲ. ಕ್ಯಾನನ್ ಎಪಿಎಸ್-ಸಿ ಮೇಲೆ 400 ಎಂಎಂ ಲೆನ್ಸ್ 640 ಎಂಎಂನಷ್ಟು ಹತ್ತಿರ ತೋರಿಸುತ್ತದೆ, ವೀಕ್ಷಣಾ ಗೋಪುರದಿಂದ ಕರಡಿ ದೂರವೇ ಇರುತ್ತದಲ್ವಾ. ಅಗ್ಗದ 100-400 ಲೆನ್ಸ್ ಆ ತುದಿಯಲ್ಲಿ ಎಫ್/8, ಹೊತ್ತು ಮುಳುಗಿದ ಮೇಲೆ ಅದು ತಿಣುಕುತ್ತದೆ. ಅಷ್ಟು ತಿಳಿದುಕೊಂಡಿರಿ.

ಧೂಳಿನ ವಿಷಯ ನಮ್ಮ ಕಡೆ ಯಾರೂ ಮರೆಯುವ ಹಾಗಿಲ್ಲ. ಸಂಡೂರು ರಸ್ತೆಯ ಅದಿರು ಲಾರಿ ಹಿಂದೆ ಹೋದವರಿಗೆ ಗೊತ್ತು. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಮುಂದೆ ಕನ್ನಡಿ ಇಲ್ಲ, ಲೆನ್ಸ್ ಬಿಚ್ಚಿದರೆ ಸೆನ್ಸರ್ ಬಯಲು. ಮೇಲ್ದರ್ಜೆಯ ಬಾಡಿಗೆ ಸೀಲಿಂಗ್ ಇದೆ ಸರಿ, ಆದರೆ ಲೆನ್ಸಿಗೂ ಇರಬೇಕು. ಆ 50 ಎಂಎಂ ಎಫ್/1.8ಕ್ಕೆ ಇಲ್ಲ. ಆರ್6 ಮಾರ್ಕ್ 2ರಂಥವುಗಳಲ್ಲಿ ಆಫ್ ಮಾಡಿದಾಗ ಶಟರ್ ಮುಚ್ಚುವ ಹಾಗೆ ಇಡಬಹುದು, ಅದು ಒಳ್ಳೆಯದು. ಯಾವ ಕ್ಯಾಮೆರಾ ಇದ್ದರೂ ಬಾಯಿ ಕೆಳಗೆ ಮಾಡಿ, ಗಾಳಿ ಇಲ್ಲದ ಕಡೆ ಲೆನ್ಸ್ ಬದಲಿಸಿ. ಬಿಸಿಲಿನದ್ದೂ ಹಾಗೆಯೇ. ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯಲ್ಲಿ 40 ಡಿಗ್ರಿವರೆಗೆ ಮಾತ್ರ ಅಂತ ಬರೆದಿರುತ್ತದೆ, ರಾಯಚೂರಿನ ಬೇಸಿಗೆ ಅದನ್ನು ದಾಟುತ್ತದೆ. ದುಬಾರಿ ಕ್ಯಾಮೆರಾಕ್ಕೂ ಇದರಿಂದ ವಿನಾಯಿತಿ ಇಲ್ಲ. ಉದ್ದುದ್ದ 4ಕೆ ವಿಡಿಯೊ ತೆಗೆಯುವಾಗ ನೆರಳಲ್ಲಿಡಿ, ಬೈಕಿನ ಡಿಕ್ಕಿಯಲ್ಲಿಟ್ಟು ಹೋಗಬೇಡಿ.

ಈಗ ಚಿಕ್ಕದು ಕೊಂಡು ಮುಂದೆ ದೊಡ್ಡದಕ್ಕೆ ಹೋಗುವ ಯೋಚನೆ ಇದ್ದರೆ, ಎರಡನೇ ಲೆನ್ಸನ್ನು ಫುಲ್‌ಫ್ರೇಮ್‌ಗೂ ಆಗುವಂಥದ್ದೇ ಆರಿಸಿ. ಕಿಟ್‌ನ 18-45 ಅನ್ನು ಆರ್6 ಮಾರ್ಕ್ 2ಕ್ಕೆ ಹಾಕಿದರೆ ಅದು ಸೆನ್ಸರ್‌ನ ನಡುಭಾಗ ಮಾತ್ರ ಬಳಸಿ ಸುಮಾರು 9 ಮೆಗಾಪಿಕ್ಸೆಲ್ ಕೊಡುತ್ತದೆ. 50 ಎಂಎಂಗೆ ಆ ತೊಂದರೆ ಇಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಎಫ್/16 ಇಟ್ಟು, ಫೋಕಸ್ ತಪ್ಪಿಸಿ ಬಿಳಿ ಗೋಡೆಯ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಹೊಸದಾದರೆ ಜಿಎಸ್‌ಟಿ ಬಿಲ್ಲು, ಭಾರತದ ವಾರಂಟಿ ಎರಡನ್ನೂ ಕೇಳಿ ಪಡೆಯಿರಿ. ಸರ್ವಿಸ್ ಸೆಂಟರ್ ಹತ್ತಿರದ ಯಾವ ಊರಲ್ಲಿದೆ ಅನ್ನುವುದನ್ನೂ ದುಡ್ಡು ಕೊಡುವ ಮೊದಲೇ ವಿಚಾರಿಸಿ.