ತಮಟೆ ಏಟಿಗೆ ಫ್ಲ್ಯಾಶ್ ಕೂಡಿಸಿದ್ದು

ನನ್ನದು ಮದುವೆ ಫೋಟೋ ಕೆಲಸ. ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಸ್ಟುಡಿಯೋ ಇದೆ. ಆಷಾಢ ಬಂತೆಂದರೆ ನಮಗೆ ನೊಣ ಹೊಡೆಯುವ ಕಾಲ. ತಮಟೆಯವರಿಗೂ ಅಷ್ಟೇ, ಜಾತ್ರೆ ಇಲ್ಲ, ಮೆರವಣಿಗೆ ಕಡಿಮೆ. ಹಾಗೆ ಇಬ್ಬರಿಗೂ ಬಿಡುವಿದ್ದಾಗ ಈ ಕೆಲಸ ಆಯಿತು.

ಹತ್ತಿರದ ಹಳ್ಳಿಯ ಆರು ಜನರ ತಂಡ. ಫ್ಲೆಕ್ಸಿಗೆ, ಕಾರ್ಯಕ್ರಮದ ಅರ್ಜಿಗೆ ಅಂಟಿಸಲು ಅವರಿಗೆ ಒಳ್ಳೆಯ ಫೋಟೋ ಬೇಕಿತ್ತು. ಇದ್ದದ್ದೆಲ್ಲ ಮೊಬೈಲಿನವು. ಮುಖ ಇರುತ್ತಿತ್ತು, ಕೈ ಇರಬೇಕಾದ ಕಡೆ ಬರೀ ಮಬ್ಬು. ತಂಡದ ಹಿರಿಯಣ್ಣ ಹೇಳಿದ್ದು: "ನಮ್ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು ಸಾರ್. ಇನ್ನಾದರೂ ನಮ್ ಫೋಟೋ ನೆಟ್ಟಗಿರಲಿ." ಮಾತು ಸರಿಯೇ ಅಲ್ವಾ?

ತಮಟೆ ಅಂದರೆ ನಿಂತು ಬಾರಿಸುವುದಷ್ಟೇ ಅಂದುಕೊಂಡವರು ಇವರನ್ನು ನೋಡಬೇಕು. ಬಾರಿಸುತ್ತಲೇ ಸುತ್ತುತ್ತಾರೆ, ಹಾರುತ್ತಾರೆ. ಒಬ್ಬ ಇನ್ನೊಬ್ಬನ ಹೆಗಲ ಮೇಲೆ ನಿಲ್ಲುತ್ತಾನೆ. ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿ, ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತುತ್ತಾನೆ, ಏಟು ಮಾತ್ರ ತಪ್ಪುವುದಿಲ್ಲ. ಇದು ಕುಣಿತವೇ.

ಜಾಗ ಹುಡುಕಿದ ಕತೆ ಸಣ್ಣದು. ನನ್ನ ತಲೆಯಲ್ಲಿದ್ದದ್ದು ಒಣಗಿದ ಕೆರೆ ಅಂಗಳ. ಆದರೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರಲು ಶುರುವಾದ ಮೇಲೆ ನಾನು ನೆನೆಸಿಕೊಂಡ ಕೆರೆಯಲ್ಲಿ ನೀರು ನಿಂತಿತ್ತು. ರೈತರಿಗೆ ಅನುಕೂಲ, ನನಗೆ ಒಂದು ಲೊಕೇಶನ್ ಹೋಯಿತು. ಕೊನೆಗೆ ಊರಾಚೆ ದನ ಮೇಯುವ ಬಯಲು ಸಿಕ್ಕಿತು. ಪಡುವಣಕ್ಕೆ ನಂದಿಬೆಟ್ಟದ ಸಾಲು, ಕೆಳಗೆ ಕೆಂಪು ಮಣ್ಣು. ಆ ಸಲ ಮಳೆ ಇನ್ನೂ ಹಿಡಿದಿರಲಿಲ್ಲ, ಕಾಲಿಟ್ಟರೆ ದೂಳು ಏಳುತ್ತಿತ್ತು.

ಸಾಮಾನು ಇಷ್ಟು: 200 ವ್ಯಾಟ್ ಸೆಕೆಂಡಿನ ಗೊಡಾಕ್ಸ್ ಎಡಿ200 ಫ್ಲ್ಯಾಶ್ ಒಂದು, ನಾಲ್ಕು ಎಎ ಸೆಲ್ ಹಾಕುವ ಸಣ್ಣ ಫ್ಲ್ಯಾಶ್, ಅಂದರೆ ಸ್ಪೀಡ್‌ಲೈಟ್ ಎರಡು, ಕ್ಯಾಮೆರಾದಿಂದ ದೂರ ಇಟ್ಟ ಫ್ಲ್ಯಾಶನ್ನು ಹೊಡೆಸುವ ರೇಡಿಯೋ ಟ್ರಿಗರ್, ಬೆಳಕು ಮೆದು ಮಾಡುವ ಬಿಳಿ ಛತ್ರಿ ಒಂದು, ಸ್ಟ್ಯಾಂಡುಗಳು. ಮದುವೆಗೆ ಇದೇ ಒಯ್ಯುತ್ತೇನೆ. ಮದುವೆ ಮನೆಯಲ್ಲಿ ಯಾರೂ ಹಾರುವುದಿಲ್ಲ, ಗಾಳಿಯೂ ಬೀಸುವುದಿಲ್ಲ. ಆ ವ್ಯತ್ಯಾಸ ಮೊದಲ ಸಂಜೆಯೇ ಗೊತ್ತಾಯಿತು.

ಐದು ಗಂಟೆಗೆ ಶುರು ಮಾಡಿದೆ, ಬಿಸಿಲು ಇನ್ನೂ ಜೋರಾಗಿತ್ತು. ಆಷಾಢದ ಗಾಳಿ ಛತ್ರಿಯನ್ನು ಎತ್ತಿ ಸ್ಟ್ಯಾಂಡ್ ಸಮೇತ ಮಲಗಿಸಿತು. ಒಂದು ಸ್ಪೀಡ್‌ಲೈಟಿನ ಪಾದ ಮುರಿಯಿತು. ಮಣ್ಣಿನ ಚೀಲ ಕಟ್ಟಬೇಕೆಂದು ಗೊತ್ತಿದ್ದೂ ಕಟ್ಟಿರಲಿಲ್ಲ, ತಪ್ಪು ನನ್ನದೇ. ಆಮೇಲೆ ಛತ್ರಿ ಮಡಚಿಟ್ಟೆ. ಫ್ಲ್ಯಾಶನ್ನು ಒಂಟಿ ಕಾಲಿನ ಕೋಲಿಗೆ (ಮೊನೊಪಾಡ್) ಸಿಕ್ಕಿಸಿ ಅಂಗಡಿಯ ಹುಡುಗನ ಕೈಗೆ ಕೊಟ್ಟೆ. ಬಯಲಿನಲ್ಲಿ ಸ್ಟ್ಯಾಂಡಿಗಿಂತ ಮನುಷ್ಯನೇ ವಾಸಿ. ಗಾಳಿ ಬಂದರೆ ತಿರುಗುತ್ತಾನೆ, ಕುಣಿಯುವವರು ಹತ್ತಿರ ಬಂದರೆ ಹಿಂದೆ ಸರಿಯುತ್ತಾನೆ.

ನಿಜವಾದ ತೊಂದರೆ ಬೇರೆ ಇತ್ತು. ಪ್ರತಿ ಫೋಟೋದಲ್ಲೂ ತಮಟೆ ಬಾರಿಸುವ ಒಂದು ಕಡ್ಡಿ ಎರಡಾಗಿ ಕಾಣುತ್ತಿತ್ತು.

ಯಾಕೆ ಅಂತ ರಾತ್ರಿ ಕೂತು ಲೆಕ್ಕ ಹಾಕಿದೆ. ನನ್ನ ಕ್ಯಾಮೆರಾದಲ್ಲಿ ಫ್ಲ್ಯಾಶ್ ಸರಿಯಾಗಿ ಕೂಡಬೇಕಾದರೆ ಶಟರ್ 1/200 ಸೆಕೆಂಡಿಗಿಂತ ವೇಗವಾಗಬಾರದು. ಕಡ್ಡಿಯ ತುದಿ ಸೆಕೆಂಡಿಗೆ 10 ಮೀಟರ್ ಓಡುತ್ತದೆ ಅಂತಿಟ್ಟುಕೊಳ್ಳಿ. 1/200 ಸೆಕೆಂಡಿನಲ್ಲಿ ಅದು 5 ಸೆಂಟಿಮೀಟರ್ ಸರಿದಿರುತ್ತದೆ. ಬಿಸಿಲು ಆ 5 ಸೆಂಟಿಮೀಟರನ್ನೂ ಬರೆಯುತ್ತದೆ, ಫ್ಲ್ಯಾಶ್ ನಡುವೆ ಎಲ್ಲೋ ಒಂದು ಕಡೆ ಮುದ್ರೆ ಒತ್ತುತ್ತದೆ. ಒಂದು ಮಬ್ಬು ಕಡ್ಡಿ, ಒಂದು ಚೂಪು ಕಡ್ಡಿ. ಶಟರನ್ನು ಅದಕ್ಕಿಂತ ವೇಗವಾಗಿ ಓಡಿಸಲು ಬಿಡುವ ಹೈ ಸ್ಪೀಡ್ ಸಿಂಕ್ ಹಾಕಿಯೂ ನೋಡಿದ್ದೆ. ಆ ವೇಗದಲ್ಲಿ ಶಟರ್ ಒಮ್ಮೆಗೇ ಪೂರ್ತಿ ತೆರೆಯುವುದಿಲ್ಲ, ಒಂದು ಸೀಳು ಸರಿದುಹೋಗುತ್ತದೆ. ಅಷ್ಟೂ ಹೊತ್ತು ಫ್ಲ್ಯಾಶ್ ಪಟಪಟ ಮಿಡಿಯುತ್ತಲೇ ಇರಬೇಕು. ಅಲ್ಲಿಗೆ ಶಕ್ತಿ ಹಂಚಿಹೋಗಿ, ನಾಲ್ಕು ಮೀಟರ್ ದೂರಕ್ಕೆ ನನ್ನ ಫ್ಲ್ಯಾಶ್ ಇದ್ದೂ ಇಲ್ಲದಂತೆ.

ಇನ್ನೊಂದು ತಪ್ಪೂ ಸೇರಿತ್ತು. ಬಿಸಿಲನ್ನು ಗೆಲ್ಲಲು ಫ್ಲ್ಯಾಶನ್ನು ಪೂರ್ತಿ ಪವರಿನಲ್ಲಿ ಹೊಡೆದಿದ್ದೆ. ಫ್ಲ್ಯಾಶ್ ಅಂದರೆ ಮಿಂಚು, ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಪೂರ್ತಿ ಪವರಿನಲ್ಲಿ ಸ್ಪೀಡ್‌ಲೈಟ್ ಸುಮಾರು 1/250 ಸೆಕೆಂಡ್ ಉರಿಯುತ್ತದೆ. 1/16ಕ್ಕೆ ಇಳಿಸಿದರೆ ವಿದ್ಯುತ್ತನ್ನು ನಡುವೆಯೇ ಕತ್ತರಿಸುತ್ತದೆ, ಆಗ ಸುಮಾರು 1/4000. ಮೊದಲನೆಯದರಲ್ಲಿ ಕಡ್ಡಿ 4 ಸೆಂಟಿಮೀಟರ್ ಓಡಿದರೆ ಎರಡನೆಯದರಲ್ಲಿ ಎರಡೂವರೆ ಮಿಲಿಮೀಟರ್. ಕುಣಿತಕ್ಕೆ ಪವರ್ ಇಳಿಸಬೇಕು, ಕತ್ತಲಿಗೆ ಕಾಯಬೇಕು. ಇಷ್ಟು ತಿಳಿಯಲು ಒಂದು ಸಂಜೆ, ಒಂದು ಸ್ಪೀಡ್‌ಲೈಟ್ ಖರ್ಚಾಯಿತು.

ಮೂರು ದಿನ ಬಿಟ್ಟು ಎರಡನೇ ಸಂಜೆ. ಈ ಸಲ ಆರೂವರೆಗೆ ಬರಲು ಹೇಳಿದೆ. ಸೂರ್ಯ ಬೆಟ್ಟದ ಹಿಂದೆ ಹೋದ ಮೇಲೆ ಸಿಗುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ಐಎಸ್‌ಒ 400 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಲೆನ್ಸಿನ ಕಿಂಡಿ ಎಫ್/5.6, ಶಟರ್ 1/200. ಐಎಸ್‌ಒ 100ರಿಂದ ಎರಡು ಮೆಟ್ಟಿಲು, ಅಂದರೆ ನಾಲ್ಕು ಪಟ್ಟು, ಏರಿಸಿದ್ದರಿಂದ ಫ್ಲ್ಯಾಶಿಗೆ ಕಾಲು ಭಾಗ ಪವರ್ ಸಾಕಾಯಿತು. ನಾಲ್ಕು ಮೀಟರಿನಿಂದ ಎರಡಕ್ಕೆ ತಂದರೆ ಅದರಲ್ಲೂ ಕಾಲು ಭಾಗ ಸಾಕು. ಒಬ್ಬನೇ ಕುಣಿಯುವಾಗ ಹಾಗೇ ಮಾಡಿದೆ. ಆರು ಜನರಿಗೆ ಅದು ಆಗುವುದಿಲ್ಲ. ಎರಡು ಮೀಟರಿನಲ್ಲಿ ನಿಂತವನು ಸುಣ್ಣ ಬಳಿದಂತೆ, ನಾಲ್ಕು ಮೀಟರಿನವನಿಗೆ ಅವನ ಕಾಲು ಭಾಗ ಬೆಳಕು. ಆಗ ಎಡಿ200 ಅನ್ನು ಎತ್ತರಕ್ಕೆ ಹಿಡಿಸಿ ದೂರ ಕಳಿಸಿದೆ, ಹತ್ತಿರದವರ ಮೇಲೆ ನೇರ ಬೆಳಕು ಬೀಳದ ಹಾಗೆ ತುಸು ಓರೆ ಮಾಡಿಸಿದೆ.

ಉಳಿದ ಒಂದು ಸ್ಪೀಡ್‌ಲೈಟನ್ನು ಅವರ ಬೆನ್ನ ಹಿಂದೆ ನೆಲದ ಮೇಲೆ, ಎರಡು ಕಲ್ಲಿನ ನಡುವೆ ಇಟ್ಟೆ. ದೂಳು, ಹೊಗೆ ಮುಂದಿನ ಬೆಳಕಿಗೆ ಕಾಣುವುದೇ ಇಲ್ಲ, ಹಿಂದಿನಿಂದ ಹೊಡೆದರೆ ಊದುಬತ್ತಿಯ ಹೊಗೆಯ ಹಾಗೆ ಎದ್ದು ಕಾಣುತ್ತದೆ. ಅಂದು ಸಿಕ್ಕ ಎಲ್ಲ ಒಳ್ಳೆಯ ಫೋಟೋಗಳಲ್ಲಿ ಆ ಸಣ್ಣ ಫ್ಲ್ಯಾಶಿನ ಪಾಲು ದೊಡ್ಡದು.

ಹಿನ್ನೆಲೆಯ ಬಗ್ಗೆ ಒಂದು ಮಾತು. ಕೆಳಗೆ ಕೂತು ತೆಗೆದರೆ ನೆಗೆತ ಎತ್ತರ ಕಾಣುತ್ತದೆ, ಆಸೆಯಾಗುತ್ತದೆ. ಆದರೆ ಆಗ ಕೈ ಆಕಾಶದ ಮೇಲೆ ಬರುತ್ತದೆ. ಆಕಾಶದ ಬೆಳಕು ಓಡುವ ಕೈಯ ಅಂಚನ್ನು ತಿಂದುಹಾಕುತ್ತದೆ. ನಿಂತು ತೆಗೆದರೆ ಅದೇ ಕೈ ಕಪ್ಪು ಬೆಟ್ಟದ ಮೇಲೆ ಬರುತ್ತದೆ, ತುಂಡಾಗದೆ ಉಳಿಯುತ್ತದೆ.

ಇನ್ನು ಬಟನ್ ಒತ್ತುವುದು. ಪಟಪಟ ಹತ್ತು ಒತ್ತಿ ಒಂದು ಆರಿಸುವ ಚಾಳಿ ಇಲ್ಲಿ ನಡೆಯುವುದಿಲ್ಲ. ಎಡಿ200 ಪೂರ್ತಿ ಪವರಿನಲ್ಲಿ ಮತ್ತೆ ತುಂಬಿಕೊಳ್ಳಲು ಸುಮಾರು ಎರಡು ಸೆಕೆಂಡ್ ಬೇಕು, ಕಾಲು ಭಾಗದಲ್ಲೂ ಒಂದರ ಹಿಂದೆ ಒಂದು ಒತ್ತಿದರೆ ನಡುವೆ ಕಪ್ಪು ಫೋಟೋ ಬರುತ್ತದೆ. ಒಂದು ಗತ್ತಿಗೆ, ಅಂದರೆ ತಮಟೆ ಏಟುಗಳ ಒಂದು ಸುತ್ತಿಗೆ, ಒಂದೇ ಸಲ ಒತ್ತಬೇಕು. ನಾನು ಕಣ್ಣಲ್ಲಿ ನೋಡಿ ಒತ್ತುತ್ತಿದ್ದೆ, ಪ್ರತಿ ಸಲವೂ ಅವರು ನೆಲಕ್ಕೆ ಬಂದಿರುತ್ತಿದ್ದರು. ಹಿರಿಯಣ್ಣ ಗಮನಿಸಿ, "ಕಣ್ಣು ಬಿಟ್ಟು ಕಿವಿ ಕೊಡಿ ಸಾರ್, ಗತ್ತು ಮುಗಿಯೋ ಮುಂಚಿನ ಏಟಿಗೆ ಒತ್ತಿ" ಅಂದರು. ಕ್ಯಾಮೆರಾ ಕೆಳಗಿಟ್ಟು ಹತ್ತು ನಿಮಿಷ ಸುಮ್ನೆ ಕೇಳಿದೆ, ಬೆರಳಲ್ಲಿ ತೊಡೆಯ ಮೇಲೆ ತಾಳ ಹಾಕಿದೆ. ಆಮೇಲೆ ನಾಲ್ಕಕ್ಕೆ ಎರಡಾದರೂ ಸಿಕ್ಕವು. ನೆಗೆತದ ತುದಿಯಲ್ಲಿ ಮೈ ಒಂದು ಗಳಿಗೆ ನಿಂತಂತೆ ಇರುತ್ತದೆ, ಆ ಫೋಟೋಗಳಲ್ಲಿ ಅದು ಸಿಕ್ಕಿದೆ.

ಹೆಗಲ ಮೇಲೆ ನಿಲ್ಲುವ ಹುಡುಗನಿಗೆ ಮಾತ್ರ ಮುಂದಿನಿಂದ ಫ್ಲ್ಯಾಶ್ ಹೊಡೆಯಲಿಲ್ಲ. ಕತ್ತಲಲ್ಲಿ ಕಣ್ಣು ಕೋರೈಸಿದರೆ ಬೀಳುತ್ತಾನೆ. ಪಕ್ಕದಿಂದ, ಅದೂ ಮೊದಲೇ ಹೇಳಿ, ಒಂದು ಸಲ ಹೊಡೆದು ತೋರಿಸಿ, ಆಮೇಲೆ ತೆಗೆದೆ.

ಅಂದು ನನಗೆ ಬಹಳ ಖುಷಿ. ಕಡ್ಡಿ ಚೂಪು, ಬೆವರಿನ ಹನಿ ಚೂಪು. ಹಿರಿಯಣ್ಣನಿಗೆ ಕ್ಯಾಮೆರಾದ ಹಿಂದೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಕೇಳಿದರು: "ಇದರಲ್ಲಿ ನಾನು ಬಾರಿಸ್ತಾ ಇದ್ದೀನಾ, ಕಡ್ಡಿ ಹಿಡ್ಕೊಂಡು ಸುಮ್ನೆ ನಿಂತಿದ್ದೀನಾ ಸಾರ್?"

ಉತ್ತರ ಹೊಳೆಯಲಿಲ್ಲ. ಮೊಬೈಲ್ ಫೋಟೋದಲ್ಲಿ ಕೈ ಕಾಣುತ್ತಿರಲಿಲ್ಲ, ಏಟು ಕಾಣುತ್ತಿತ್ತು. ನಾನು ಕೈ ತಂದು ಏಟು ಕಳೆದಿದ್ದೆ.

ಮೂರನೇ ಸಂಜೆ ನನ್ನ ಚಪಲಕ್ಕೆ ಕರೆದದ್ದು. ಹಾಗಾಗಿ ಆರು ಜನರಿಗೂ ಅರ್ಧ ದಿನದ ಕೂಲಿ ಕೊಟ್ಟೆ. ಅವರ ಹತ್ತಿರ ಫೈಬರ್ ತಮಟೆಯೂ ಇದೆ, ಕಾಯಿಸುವ ರಗಳೆ ಇಲ್ಲ. ಆದರೆ ಫೈಬರ್ ಮೇಲೆ ಫ್ಲ್ಯಾಶ್ ಬಿದ್ದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಚರ್ಮದ ತಮಟೆಯೇ ತನ್ನಿ ಅಂದೆ. ಸೋಗೆ ಹಾಕಿ ಬೆಂಕಿ ಮಾಡಿ ಸುತ್ತ ಕೂತು ಕಾಯಿಸಿದರು. ಆಗ ಫ್ಲ್ಯಾಶ್ ಆರಿಸಿಯೇ ನಾಲ್ಕು ತೆಗೆದೆ, ಬೆಂಕಿಯ ಬೆಳಕಿಗೆ ನಾನು ಸೇರಿಸುವಂಥದ್ದು ಏನೂ ಇರಲಿಲ್ಲ.

ಕುಣಿತಕ್ಕೆ ಶಟರನ್ನು 1/15ಕ್ಕೆ ಇಳಿಸಿದೆ, ಫ್ಲ್ಯಾಶನ್ನು ರಿಯರ್ ಕರ್ಟನ್‌ಗೆ ಹಾಕಿದೆ. ಶಟರ್ ಮುಚ್ಚುವ ಕೊನೆ ಗಳಿಗೆಯಲ್ಲಿ ಫ್ಲ್ಯಾಶ್ ಬೀಳುತ್ತದೆ, ಹಾಗಾಗಿ ಓಟದ ಗೆರೆ ಕಡ್ಡಿಯ ಹಿಂದೆ ಬರುತ್ತದೆ. ಮೊದಲೇ ಬಿದ್ದರೆ ಗೆರೆ ಮುಂದೆ ಬಂದು ಕಡ್ಡಿ ಹಿಂದಕ್ಕೆ ಓಡಿದಂತೆ ಕಾಣುತ್ತದೆ. ಗೆರೆ ಮೂಡಲು ನಿಂತು ಉರಿಯುವ ಬೆಳಕೊಂದು ಬೇಕು. ಅವರು ಬಂದಿದ್ದ ಟಾಟಾ ಏಸ್ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ ಹೆಡ್‌ಲೈಟ್ ಹಾಕಿಸಿದೆ. ಫ್ಲ್ಯಾಶಿಗೆ ಕಿತ್ತಳೆ ಜೆಲ್ (ಬೆಳಕಿಗೆ ಬಣ್ಣ ಕೊಡುವ ಹಾಳೆ) ಕಟ್ಟಿದೆ. ಹಿಂದೊಮ್ಮೆ ಇದಕ್ಕೆ ಮಿಠಾಯಿ ಡಬ್ಬಿಯ ಬಣ್ಣದ ಕಾಗದ ಸುತ್ತಿ, ಅದು ಕರಗಿ ಫ್ಲ್ಯಾಶಿಗೆ ಅಂಟಿತ್ತು. ಕ್ಯಾಮೆರಾ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು 4000 ಕೆಲ್ವಿನ್‌ಗೆ ಇಳಿಸಿದೆ. ಮೈ ಬೆಂಕಿಯ ಬಣ್ಣಕ್ಕೆ ಬಂತು, ಉಳಿದಿದ್ದ ಆಕಾಶ ಇನ್ನಷ್ಟು ನೀಲಿಯಾಯಿತು.

ಫ್ಲ್ಯಾಶ್ ಕೊನೆಗೆ ಬೀಳುವುದರಿಂದ ನಾನು ಇನ್ನೂ ಮುಂಚೆ ಒತ್ತಬೇಕಿತ್ತು. ಕಲಿತಿದ್ದ ತಾಳವೆಲ್ಲ ತಪ್ಪಿತು. ಎಂಬತ್ತು ಫೋಟೋದಲ್ಲಿ ಮೂರು ಉಳಿಸಿಕೊಂಡೆ. ಒಂದರಲ್ಲಿ ಹಿರಿಯಣ್ಣನ ಮುಖ ನೆಟ್ಟಗಿದೆ, ಕಡ್ಡಿಯ ತುದಿ ಚೂಪಾಗಿದೆ, ಅದರ ಹಿಂದೆ ಕುಡುಗೋಲಿನ ಆಕಾರದ ಬೆಳಕಿನ ಗೆರೆ. ನೋಡಿ ನಕ್ಕರು. "ಈಗ ಕೇಳಿಸ್ತದೆ" ಅಂದರು.

ಫ್ಲೆಕ್ಸಿಗೆ ಮಾತ್ರ ಅದು ಬೇಡವೆಂದರು. ಅದರಲ್ಲಿ ಚಿಕ್ಕ ಹುಡುಗನ ಮುಖ ತಮಟೆಯ ಹಿಂದೆ ಮುಚ್ಚಿಹೋಗಿತ್ತು. "ಅವರಮ್ಮ ಕೇಳ್ತಾಳೆ, ಎಲ್ಲರ ಮುಖ ಕಾಣ್ಬೇಕು." ಆರು ಜನರನ್ನೂ ಸಾಲಾಗಿ ನಿಲ್ಲಿಸಿ, ಛತ್ರಿ ಬಿಚ್ಚಿ, ಐದು ನಿಮಿಷದಲ್ಲಿ ಒಂದು ಗ್ರೂಪ್ ಫೋಟೋ ತೆಗೆದುಕೊಟ್ಟೆ.

ಶಿವರಾತ್ರಿಗೆ ನಂದಿ ಗ್ರಾಮದ ಭೋಗನಂದೀಶ್ವರನ ತೇರಿಗೆ ಹೋಗುವ ದಾರಿಯಲ್ಲಿ ಆ ಗ್ರೂಪ್ ಫೋಟೋದ ಫ್ಲೆಕ್ಸ್ ಕಂಡಿತು. ಗೆರೆಯ ಫೋಟೋ ಹಿರಿಯಣ್ಣನ ಫೋನಿನ ಪರದೆಯಲ್ಲಿದೆ. ಸರಿಯಾಗಿ ಕಡ್ಡಿಯ ತುದಿಯ ಮೇಲೆ ಗಡಿಯಾರದ ಅಂಕಿ ಬಂದು ಕೂತಿದೆ.