ಕೋಲಾರದ ಪಿನ್‌ಕೋಡನ್ನು ಒಡೆಯುವ ಬಗೆ

ಮೂವತ್ತೊಂದು ವರ್ಷ ಕೋಲಾರದಲ್ಲಿ ಅಂಚೆ ವಿಂಗಡಿಸಿದವಳು ನಾನು. 563101 ನನ್ನ ಕಣ್ಣಿಗೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಮೊದಲ ಮೂರಂಕಿ ವಿಂಗಡಣಾ ಜಿಲ್ಲೆಯದು, ಕೊನೆಯ ಮೂರು ಅಂಚೆ ಕಚೇರಿಯದು ಎಂದಷ್ಟೇ ನೋಡುತ್ತಿದ್ದೆ. ಅದನ್ನು ಒಂದು ಸಂಖ್ಯೆಯಾಗಿ ನೋಡಿದ್ದು ನಿವೃತ್ತಿಯ ನಂತರ, ಮೊಮ್ಮಗಳಿಗೆ ಅಪವರ್ತನದ ಲೆಕ್ಕ ಹೇಳಿಕೊಡುವಾಗ.

ಮೊದಲು ಸುಲಭದ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ. ಕೊನೆಯಂಕಿ 1, ಆದ್ದರಿಂದ 2 ಮತ್ತು 5 ಇಲ್ಲ. ಅಂಕಿಗಳ ಮೊತ್ತ 16, ಆದ್ದರಿಂದ 3 ಇಲ್ಲ. ಇಲ್ಲಿಂದ ಮುಂದೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಕೂರಬೇಡಿ. 17ನೇ ಶತಮಾನದಲ್ಲಿ ಫ್ರಾನ್ಸಿನ ಪಿಯರ್ ಡಿ ಫರ್ಮಾ ತೋರಿಸಿದ ದಾರಿ ಹಿಡಿಯಿರಿ.

ನಿಮ್ಮ ಸಂಖ್ಯೆಗಿಂತ ತುಸುವೇ ದೊಡ್ಡದಾದ ವರ್ಗವನ್ನು ಹುಡುಕಿ. 750ರ ವರ್ಗ 5,62,500, ಸಾಲದು. 751ರ ವರ್ಗ 5,64,001. ಇದರಿಂದ 5,63,101 ಕಳೆದರೆ ಉಳಿಯುವುದು 900. ಅದು 30ರ ವರ್ಗ! ನನಗೆ ನಂಬಿಕೆ ಬಾರದೆ ಮತ್ತೆರಡು ಸಲ ಕಳೆದು ನೋಡಿದೆ.

ಇದರಿಂದ ಏನಾಯಿತು ಎಂಬುದನ್ನು ಮೊಮ್ಮಗಳಿಗೆ ಅವರೆಕಾಳಿನಲ್ಲಿ ತೋರಿಸಿದೆ. ಸಾಲಿಗೆ ಐದರಂತೆ ಐದು ಸಾಲು, 25 ಕಾಳು ಜೋಡಿಸಿ. ಕೆಳಗಿನ ಬಲಮೂಲೆಯಿಂದ ಎರಡಕ್ಕೆರಡು, ಅಂದರೆ 4 ಕಾಳು ತೆಗೆಯಿರಿ. ಮೇಲೆ ಐದೈದರ ಮೂರು ಸಾಲು, ಕೆಳಗೆ ಮೂರು ಮೂರರ ಎರಡು ಸಾಲು ಉಳಿಯುತ್ತವೆ. ಕೆಳಗಿನ ಎರಡನ್ನು ನೆಟ್ಟಗೆ ನಿಲ್ಲಿಸಿ ಮೇಲಿನ ಸಾಲುಗಳ ಪಕ್ಕಕ್ಕೆ ಸೇರಿಸಿ. ಏಳೇಳರ ಮೂರು ಸಾಲು! ಐದರಿಂದ ಎರಡು ಕಳೆದರೆ 3, ಕೂಡಿದರೆ 7. ವರ್ಗದಿಂದ ವರ್ಗ ಕಳೆದಾಗಲೆಲ್ಲ ಹೀಗೆಯೇ ಆಯತ ಸಿಗುತ್ತದೆ.

ನಮ್ಮ ಲೆಕ್ಕದಲ್ಲಿ 751ರಿಂದ 30 ಕಳೆದರೆ 721, ಕೂಡಿದರೆ 781. ಮುಂದಿನದು ಬಾಯಿಲೆಕ್ಕ: 721 ಎಂದರೆ 7×103, 781 ಎಂದರೆ 11×71. ನಾಲ್ಕೂ ಅವಿಭಾಜ್ಯಗಳೇ, ಇನ್ನು ಒಡೆಯುವುದಿಲ್ಲ.

ಭಾಜಕಗಳು ಎಷ್ಟು? ನಾಲ್ಕು ಅಪವರ್ತನಗಳಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. 2×2×2×2, ಒಟ್ಟು 16. ಅವುಗಳ ಮೊತ್ತ ಬೇಕೆಂದರೆ ಪ್ರತಿ ಅವಿಭಾಜ್ಯಕ್ಕೂ 1 ಕೂಡಿ ಗುಣಿಸಿ: 8×12×72×104, ಅಂದರೆ 7,18,848.

ಎಲ್ಲ ಸಂಖ್ಯೆಗಳೂ ಹೀಗೆ ಮೊದಲ ಹೆಜ್ಜೆಗೇ ಬಾಗಿಲು ತೆರೆಯುವುದಿಲ್ಲ. ಉಳಿದದ್ದು ವರ್ಗವಾಗದಿದ್ದರೆ 752, 753 ಎಂದು ಮುಂದೆ ಹೋಗಬೇಕು. 721 ಮತ್ತು 781 ಒಂದಕ್ಕೊಂದು ಹತ್ತಿರವಿದ್ದುದರಿಂದ ನಮಗೆ ಬೇಗ ದಕ್ಕಿತು. ದೂರದ ಜೋಡಿಯಾದರೆ ಈ ದಾರಿ ಬಲು ಉದ್ದ. ಚಿಕ್ಕಬಳ್ಳಾಪುರದ 562101ನ್ನು ನೋಡಿ: 750ರ ವರ್ಗದಿಂದ ಕಳೆದರೆ 399, ವರ್ಗವಲ್ಲ. ಆದರೆ ಅಂಕಿಗಳ ಮೊತ್ತ 15, ಹಾಗಾಗಿ 3 ಹೋಗುತ್ತದೆ. ಅದನ್ನು ಹೊರಗೆಳೆದರೆ 1,87,367 ಉಳಿಯುತ್ತದೆ. ಮೊಮ್ಮಗಳು 433ರ ವರ್ಗದಿಂದ ಶುರು ಮಾಡಿ, 122 ಉಳಿಯಿತೆಂದು ಈಗ 434ಕ್ಕೆ ಹೋಗಿದ್ದಾಳೆ.