ಟೆರೇಸಿನ ತಂತಿ, ನೀರು ಕುಡಿದ ಕೇಬಲ್

ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಯ ಟೆರೇಸಿನಲ್ಲಿ ನನ್ನ ಹವ್ಯಾಸಿ (ಹ್ಯಾಮ್) ರೇಡಿಯೊಗೆ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಸುತ್ತಿನ) ಡೈಪೋಲ್, ಅಂದರೆ ನಡುವೆ ಕೇಬಲ್ ಕೂಡುವ ತಂತಿ ಆ್ಯಂಟೆನಾ, ಕಟ್ಟಿ ಮೂರು ಮಳೆಗಾಲ ಕಳೆದಿತ್ತು. ಒಂದು ತುದಿ ನೀರಿನ ಟ್ಯಾಂಕಿನ ಪಕ್ಕದ ಕಂಬಕ್ಕೆ, ಇನ್ನೊಂದು ಲಿಫ್ಟ್ ರೂಮಿನ ಕೊಕ್ಕೆಗೆ. ಬೆಳಿಗ್ಗೆ ಮಂಗಳೂರಿನ ಗೆಳೆಯರೊಬ್ಬರ ಜೊತೆ ಮಾತು ನಡೆಯುತ್ತಿತ್ತು. ಆ ವರ್ಷ ಚೌತಿ ಮುಗಿಯುವ ಹೊತ್ತಿಗೆ ಅವರು, "ನಿಮ್ಮ ಸ್ವರ ಬಾವಿಯೊಳಗಿಂದ ಬಂದ ಹಾಗೆ ಕೇಳ್ತದೆ ಮಾರಾಯ್ರೆ" ಎಂದರು. ನನಗೂ ಅವರು ಕೇಳಿಸುತ್ತಿದ್ದದ್ದು ಅಷ್ಟಕ್ಕಷ್ಟೆ. ಜರ್ರೆನ್ನುವ ಗಲಾಟೆ ರೇಡಿಯೊದ ಸಿಗ್ನಲ್ ಮೀಟರಿನಲ್ಲಿ ಎಸ್-8ಕ್ಕೆ ಏರಿ ಕೂತಿತ್ತು.

ಗಲಾಟೆಯ ಮೂಲವನ್ನು ಮೊದಲು ಮನೆಯೊಳಗೇ ಹುಡುಕಬೇಕು. ರಿಗ್ಗನ್ನು, ಅಂದರೆ ರೇಡಿಯೊ ಸೆಟ್ಟನ್ನು, 12 ವೋಲ್ಟಿನ ಬ್ಯಾಟರಿಗೆ ಹಾಕಿ ಮೇನ್ ಸ್ವಿಚ್ ಇಳಿಸಿದೆ. ಎಸ್-8 ಇದ್ದದ್ದು 6ಕ್ಕೆ ಬಿತ್ತು. ಎಸ್ ಮೆಟ್ಟಿಲೊಂದಕ್ಕೆ 6 ಡೆಸಿಬೆಲ್, ಅಂದರೆ ಸುಮಾರು 12 ಡೆಸಿಬೆಲ್ ನಮ್ಮ ಮನೆಯದೇ ಕಾಣಿಕೆ. ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋದಾಗ ಕಳ್ಳ ಸಿಕ್ಕಿದ್ದು ಅಡುಗೆಮನೆಯಲ್ಲಿ: ಎಲ್‌ಇಡಿ ಪಟ್ಟಿಗೆ ಕರೆಂಟ್ ಕೊಡುವ ಅಗ್ಗದ ಡ್ರೈವರ್. "ತಂದವರು ನೀವೇ" ಎಂದಳು ಹೆಂಡತಿ. ಉಳಿದದ್ದರಲ್ಲಿ ಒಂದು ಪಾಲು ಲಿಫ್ಟ್ ಮೋಟಾರಿನ ಡ್ರೈವ್‌ನದು, ಅದಕ್ಕೆ ಮದ್ದಿಲ್ಲ. ಲಿಫ್ಟ್ ನಿಂತಾಗ ಕೇಳುವುದು, ಅಷ್ಟೆ.

ಆದರೆ ಮಂಗಳೂರಿಗೆ ನನ್ನ ಸ್ವರ ಕ್ಷೀಣವಾದದ್ದಕ್ಕೆ ಈ ಗಲಾಟೆ ಕಾರಣವಲ್ಲವಲ್ಲ. ಎಸ್‌ಡಬ್ಲ್ಯುಆರ್ ಮೀಟರು 7.1 ಮೆಗಾಹರ್ಟ್ಸ್‌ನಲ್ಲಿ 1.5 ತೋರಿಸುತ್ತಿತ್ತು. ಆ್ಯಂಟೆನಾದಿಂದ ಪವರ್ ಎಷ್ಟು ಹಿಂತಿರುಗುತ್ತದೆ ಎಂದು ಹೇಳುವ ಮೀಟರದು, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ಅದನ್ನು ನಂಬಿಯೇ ಎರಡು ತಿಂಗಳು ಆ್ಯಂಟೆನಾ ಕಡೆ ತಲೆಹಾಕಿರಲಿಲ್ಲ. ಕೊನೆಗೊಂದು ಭಾನುವಾರ ಮೇಲೆ ಹೋಗಿ ರಿಗ್ಗಿನಿಂದ ಆ್ಯಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲನ್ನು ಡೈಪೋಲಿನಿಂದ ಬಿಡಿಸಿ, ತುದಿ ತೆರೆದೇ ಬಿಟ್ಟು, ಕೆಳಗೆ ಬಂದು ಆ್ಯಂಟೆನಾ, ಕೇಬಲ್ ಅಳೆಯುವ ಪುಟ್ಟ ಯಂತ್ರ ನ್ಯಾನೊ ವಿಎನ್‌ಎ ಸಿಕ್ಕಿಸಿದೆ. ತುದಿಯಲ್ಲಿ ಏನೂ ಇಲ್ಲದ ಒಳ್ಳೆಯ ಕೇಬಲ್ ಎಸ್‌ಡಬ್ಲ್ಯುಆರನ್ನು ವಿಪರೀತ ತೋರಿಸಬೇಕು. ಹೋದದ್ದೆಲ್ಲ ಹಾಗೇ ಹಿಂತಿರುಗುತ್ತದೆ. ನನ್ನದು ತೋರಿಸಿದ್ದು ಬರೀ 3. ಹೋಗುತ್ತ 3 ಡೆಸಿಬೆಲ್, ಬರುತ್ತ 3 ಡೆಸಿಬೆಲ್ ಕೇಬಲೇ ನುಂಗುತ್ತಿದೆ ಎಂದರ್ಥ. ಅರ್ಧ ಪವರ್ ಪೈಪಿನಲ್ಲೇ ಇಂಗಿಹೋಗುತ್ತಿತ್ತು. ಆ್ಯಂಟೆನಾದಿಂದ ಹಿಂದಿರುಗಬೇಕಾದ್ದೂ ದಾರಿಯಲ್ಲೇ ಕರಗುವುದರಿಂದ ಮೀಟರಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ಮೇಲಿನ ಕನೆಕ್ಟರ್ ಕತ್ತರಿಸಿದಾಗ ಒಂದು ಹನಿ ನೀರು ಅಂಗೈಗೆ ಬಿತ್ತು. ಹೊರಗಿನ ಸಿಪ್ಪೆ ಸುಲಿದರೆ ತಾಮ್ರದ ಜಾಲರಿ ಬೆಲ್ಲದ ಪಾಕ ಹತ್ತಿದ ಪಾತ್ರೆಯ ತಳದಂತೆ ಕಪ್ಪಗೆ. ಒಂದಡಿ, ಎರಡಡಿ ಕತ್ತರಿಸುತ್ತ ಹೋದೆ, ಎಲ್ಲೂ ಹೊಳಪಿಲ್ಲ. ಕನೆಕ್ಟರಿಗೆ ಸುತ್ತಿದ್ದದ್ದು ಮಾಮೂಲಿ ಇನ್ಸುಲೇಶನ್ ಟೇಪು, ಮುಂಬೈ ಮಳೆಗೆ!

ಲ್ಯಾಮಿಂಗ್‌ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಹೊಸ ಕೇಬಲ್ ತಂದೆ. ಈ ಸಲ ಎಳೆದು ಸುತ್ತಿದರೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು, ಅದರ ಮೇಲೆ ಇನ್ಸುಲೇಶನ್ ಟೇಪು. ಕಿಟಕಿಯೊಳಗೆ ಬರುವ ಮುಂಚೆ ಕೇಬಲನ್ನು ಕೆಳಕ್ಕೆ ಜೋತುಬಿಟ್ಟು ಮೇಲೆತ್ತಿದೆ, ನೀರು ಅಲ್ಲೇ ತೊಟ್ಟಿಕ್ಕಲಿ ಎಂದು.

ತಮಾಷೆಯೆಂದರೆ ಹೊಸ ಕೇಬಲಿನಲ್ಲಿ ಎಸ್‌ಡಬ್ಲ್ಯುಆರ್ 2.3ಕ್ಕೆ ಏರಿತು! ಡೈಪೋಲ್ ಮೊದಲಿಂದಲೂ ಬೇಕಾದ್ದಕ್ಕಿಂತ ಉದ್ದವಾಗಿಯೇ ಇತ್ತು, 7.1ರ ಬದಲು 6.9 ಮೆಗಾಹರ್ಟ್ಸ್‌ಗೆ ಹೊಂದಿ ಕೂತಿತ್ತು, ಹಳೆಯ ಕೇಬಲ್ ಅದನ್ನು ಮುಚ್ಚಿಟ್ಟಿತ್ತು. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 6.9ಕ್ಕೂ 7.1ಕ್ಕೂ ನಡುವಿನ ವ್ಯತ್ಯಾಸ 58 ಸೆಂಟಿಮೀಟರ್. ಎರಡೂ ತುದಿಯಲ್ಲಿ 29ರಂತೆ ಹಿಂದಕ್ಕೆ ಮಡಚಿ ಸುತ್ತಿದೆ. ಕತ್ತರಿಸಲಿಲ್ಲ, ಕತ್ತರಿಸಿದ ತಂತಿ ಬೆಳೆಯುವುದಿಲ್ಲ.

ಮಂಗಳೂರು ಖುಷಿಯಾಯಿತು. ಆದರೆ ಪೂರ್ತಿ ಪವರ್ ಹೊರಬಿದ್ದ ಮೊದಲ ದಿನವೇ ನಾನು ಪ್ರಸಾರಕ್ಕೆ ಕೀ ಒತ್ತಿದಾಗಲೆಲ್ಲ ಪಕ್ಕದ ಮನೆಯ ಮರಾಠಿ ಚಿಕ್ಕಮ್ಮನ, ಅಂದರೆ ಕಾಕುಗಳ ಕಾಲಿಂಗ್ ಬೆಲ್ ಬಡಿದುಕೊಂಡಿತು. ಕೋಆಕ್ಸಿನ ಹೊರಮೈ ಹಿಡಿದು ಹರಿದುಬರುವ ಕರೆಂಟಿನ ಕೆಲಸ ಅದು. ಡೈಪೋಲಿನ ನಡುವೆ, ಕೇಬಲ್ ಕೂಡುವಲ್ಲಿ ಆ ಕರೆಂಟನ್ನು ತಡೆಯುವ ದೊಡ್ಡ ಫೆರೈಟ್ ಬಳೆಗೆ ಕೇಬಲನ್ನು 12 ಸುತ್ತು ಹಾಕಿದ ಮೇಲೆ ನಿಂತಿತು. ಈಗಲೂ ಬಾಗಿಲಲ್ಲಿ ಯಾರೂ ಇಲ್ಲದೆ ಬೆಲ್ ಹೊಡೆದರೆ ಕಾಕು ಮೊದಲು ನನಗೇ ಫೋನ್ ಮಾಡುತ್ತಾರೆ: "ತುಮ್ಹೀಚ್ ಕಾ?" (ನೀವೇನಾ?)